ಊಹೆ ಮೊದಲು, ಎಂಟರ್ ಆಮೇಲೆ: ತರಗತಿಯಲ್ಲಿ ಸ್ಪ್ರೆಡ್‌ಶೀಟ್ ಬಳಸಿ ಪಾಠ ಮಾಡುವ ಬಗೆ

ಬೆಂಗಳೂರಿನ ಬಹುತೇಕ ಶಾಲೆಗಳ ಕಚೇರಿಯಲ್ಲಿ, ಸಾಲು ಮತ್ತು ಕಂಬಸಾಲುಗಳ ಕೋಷ್ಟಕದಲ್ಲಿ ಲೆಕ್ಕ ಮಾಡುವ ತಂತ್ರಾಂಶವಾದ ಸ್ಪ್ರೆಡ್‌ಶೀಟ್ ಇಲ್ಲದೆ ಒಂದು ದಿನವೂ ಕೆಲಸ ಸಾಗುವುದಿಲ್ಲ. ಹಾಜರಾತಿ, ಅಂಕಗಳ ಕ್ರೋಡೀಕರಣ, ಬಿಸಿಯೂಟದ ಲೆಕ್ಕ ಎಲ್ಲವೂ ಅದರಲ್ಲೇ ನಡೆಯುತ್ತವೆ. ಅದೇ ತಂತ್ರಾಂಶ ಪಕ್ಕದ ತರಗತಿಗೆ ಬರುವುದು ಮಾತ್ರ ಅಪರೂಪ. ಬಂದರೂ ಕಂಪ್ಯೂಟರ್ ಪಾಠದ ಒಂದು ಅಧ್ಯಾಯವಾಗಿ, ಯಾವ ಮೆನುವಿನಲ್ಲಿ ಏನಿದೆ ಎಂದು ಬಾಯಿಪಾಠ ಮಾಡಿಸುವ ವಿಷಯವಾಗಿ ಬರುತ್ತದೆ. 8ರಿಂದ 10ನೆಯ ತರಗತಿಯವರೆಗೆ ಗಣಿತ ಅಥವಾ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕರು ಅದನ್ನು ತಮ್ಮ ವಿಷಯದ ಪಾಠಕ್ಕೇ ಹೇಗೆ ದುಡಿಸಿಕೊಳ್ಳಬಹುದು ಎಂಬುದನ್ನು ಹಂತ ಹಂತವಾಗಿ ಇಲ್ಲಿ ವಿವರಿಸಿದ್ದೇನೆ.

ಈ ಸಾಧನದ ಮೂಲ ಕಲ್ಪನೆ ಮೂಡಿದ್ದೇ ತರಗತಿಯ ಕಪ್ಪುಹಲಗೆಯ ಮುಂದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್, ಹಲಗೆಯ ಮೇಲಿನ ಕೋಷ್ಟಕದಲ್ಲಿ ಒಂದು ಸಂಖ್ಯೆ ಬದಲಾದರೆ ಅದನ್ನು ಅವಲಂಬಿಸಿದ ಎಲ್ಲ ಸಂಖ್ಯೆಗಳನ್ನೂ ಪ್ರಾಧ್ಯಾಪಕರು ಅಳಿಸಿ ಮತ್ತೆ ಬರೆಯಬೇಕಾಗುತ್ತಿದ್ದುದನ್ನು ಕಂಡರು. ಬಾಬ್ ಫ್ರಾಂಕ್‌ಸ್ಟನ್ ಅವರ ಜೊತೆ ಸೇರಿ ಅವರು ರೂಪಿಸಿದ ವಿಸಿಕ್ಯಾಲ್ಕ್ 1979ರಲ್ಲಿ ಆ್ಯಪಲ್ 2 ಕಂಪ್ಯೂಟರಿಗೆ ಬಂತು. ಒಂದು ಸಂಖ್ಯೆಯನ್ನು ಬದಲಿಸಿದೊಡನೆ ಉಳಿದವು ತಾವಾಗಿಯೇ ಬದಲಾಗುವ ಈ ಗುಣವೇ ಬೋಧನೆಗೆ ಬೇಕಾದದ್ದು. ಕೂಡುವುದು, ಗುಣಿಸುವುದು ಕ್ಯಾಲ್ಕ್ಯುಲೇಟರಿಗೂ ಬರುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಮಗು ಉತ್ತರವನ್ನಲ್ಲ, ನಿಯಮವನ್ನು ಬರೆಯುತ್ತದೆ; ಬರೆದ ನಿಯಮವನ್ನು ಹಲವು ಸಂಖ್ಯೆಗಳ ಮೇಲೆ ಪ್ರಯೋಗಿಸಿ ನೋಡುತ್ತದೆ. ಆದ್ದರಿಂದ ಮುಂದಿನ ಎಲ್ಲ ಪಾಠಗಳಿಗೂ ಒಂದೇ ಕಟ್ಟುಪಾಡನ್ನು ಇಟ್ಟುಕೊಳ್ಳಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ: ಪರದೆಯ ಮೇಲೆ ಏನು ಬರುತ್ತದೆ ಎಂಬ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯದೆ ಯಾರೂ ಎಂಟರ್ ಒತ್ತಬಾರದು. ಇದನ್ನು ಬಿಟ್ಟರೆ ಉಳಿಯುವುದು ಬರೀ ಟೈಪಿಂಗ್ ಅಭ್ಯಾಸ.

ಪಾಠಕ್ಕೆ ಮೊದಲು

ಲ್ಯಾಬ್‌ನಲ್ಲಿ ಎಕ್ಸೆಲ್ ಇದ್ದರೆ ಅದು ಸಾಕು. ಇಲ್ಲದಿದ್ದರೆ ಲಿಬ್ರೆಆಫೀಸ್ ಕ್ಯಾಲ್ಕ್ ಅನ್ನು ಹಣ ಕೊಡದೆ ಹಾಕಿಕೊಳ್ಳಬಹುದು. ಅದಕ್ಕೆ ಇಂಟರ್‌ನೆಟ್ ಸಂಪರ್ಕವೂ ಬಳಸುವಾಗ ಬೇಕಾಗಿಲ್ಲ. ಗೂಗಲ್ ಶೀಟ್ಸ್‌ನಲ್ಲಿ ಹಲವರು ಒಂದೇ ಹಾಳೆಯ ಮೇಲೆ ಏಕಕಾಲಕ್ಕೆ ಕೆಲಸ ಮಾಡಬಹುದಾದರೂ ಸಂಪರ್ಕ ಕಡಿತವಾದರೆ ಅವಧಿಯೇ ಹಾಳಾಗುವುದರಿಂದ, ಮೊದಲ ಪಾಠಗಳಿಗೆ ಅದನ್ನು ನೆಚ್ಚಿಕೊಳ್ಳದಿರುವುದು ಒಳ್ಳೆಯದು. ಒಂದು ಕಂಪ್ಯೂಟರಿಗೆ ಇಬ್ಬರನ್ನು ಕೂರಿಸಿ, ಒಬ್ಬರು ಹೇಳಬೇಕು, ಇನ್ನೊಬ್ಬರು ಟೈಪ್ ಮಾಡಬೇಕು. ಅರ್ಧ ಅವಧಿಯಾದ ಮೇಲೆ ಜಾಗ ಬದಲಿಸಿಕೊಳ್ಳಬೇಕು. ಹೇಳುವವರು ಕೀಬೋರ್ಡ್ ಮುಟ್ಟುವಂತಿಲ್ಲ ಎಂಬ ನಿಯಮವಿದ್ದರೆ, ಮನಸ್ಸಿನಲ್ಲಿರುವ ಸೂತ್ರವನ್ನು ಅವರು ಮಾತಿನಲ್ಲಿ ಬಿಡಿಸಿ ಹೇಳಲೇಬೇಕಾಗುತ್ತದೆ. ಶಾಲೆಯಲ್ಲಿ ಇರುವುದು ಒಂದೇ ಕಂಪ್ಯೂಟರ್ ಮತ್ತು ಪ್ರೊಜೆಕ್ಟರ್ ಆದರೂ ಈ ಪಾಠಗಳು ನಡೆಯುತ್ತವೆ. ಆಗ ಕೀಬೋರ್ಡ್ ಮುಂದೆ ಶಿಕ್ಷಕರ ಬದಲು ವಿದ್ಯಾರ್ಥಿಯೇ ಕೂರಲಿ.

ಮೊದಲ ದಿನವೇ ಮಕ್ಕಳು ಎಡವುವ ಕೆಲವು ಜಾಗಗಳಿವೆ. ಸಾಲು ಮತ್ತು ಕಂಬಸಾಲು ಕೂಡುವ ಒಂದೊಂದು ಚೌಕವೇ ಸೆಲ್; ಎ ಕಂಬಸಾಲಿನ 1ನೆಯ ಸಾಲಿನ ಸೆಲ್ ಎಂದರೆ ಎ1. ಸೆಲ್‌ನಲ್ಲಿ 36 ಎಂದು ಬರೆದರೆ ಅದು ಸಂಖ್ಯೆ, "36 ರೂ." ಎಂದು ಬರೆದರೆ ಅದು ಪಠ್ಯ, ಮೊತ್ತದಲ್ಲಿ ಸೇರುವುದಿಲ್ಲ. ನಾವಾಗಿ ಬದಲಿಸದ ಹೊರತು ಸಂಖ್ಯೆ ಸೆಲ್‌ನ ಬಲಕ್ಕೆ, ಪಠ್ಯ ಎಡಕ್ಕೆ ನಿಲ್ಲುತ್ತದೆ ಎಂಬುದನ್ನು ಗುರುತಿಸಲು ಕಲಿಸಿದರೆ ಮುಂದಿನ ಅರ್ಧದಷ್ಟು ಗೊಂದಲ ತಪ್ಪುತ್ತದೆ. ಭಿನ್ನರಾಶಿ ಎಂದುಕೊಂಡು 3/4 ಎಂದು ಬರೆದರೆ ಅದು ದಿನಾಂಕವಾಗಿಬಿಡುತ್ತದೆ; ಸಮ ಚಿಹ್ನೆಯಿಂದ ಆರಂಭಿಸಿ =3/4 ಎಂದು ಬರೆಯಬೇಕು. ಶೀರ್ಷಿಕೆಗಳನ್ನು ಕನ್ನಡದಲ್ಲಿ ಬರೆಯುವಾಗ ಯೂನಿಕೋಡ್ ಕೀಲಿಮಣೆಯನ್ನೇ ಬಳಸಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ, ಅಕಾರಾದಿಯಾಗಿ ಜೋಡಿಸಲೂ ಬರುವುದಿಲ್ಲ. ಲೆಕ್ಕಕ್ಕೆ ಬರುವ ಅಂಕಿಗಳನ್ನು 0ರಿಂದ 9ರ ರೂಪದಲ್ಲೇ ಬರೆಸಿ. ಈ ಲೇಖನದಲ್ಲಿ ಸೆಲ್‌ಗಳ ಮತ್ತು ಫಂಕ್ಷನ್‌ಗಳ ಹೆಸರು ಕನ್ನಡ ಲಿಪಿಯಲ್ಲಿವೆ (ಫಂಕ್ಷನ್ ಎಂದರೆ ತಂತ್ರಾಂಶದಲ್ಲೇ ಇರುವ ಸಿದ್ಧ ಸೂತ್ರ). ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಸಿದ್ಧ ಹಾಳೆಗಳನ್ನು ಕೊಡುವ ಆಸೆ ಎಲ್ಲ ಶಿಕ್ಷಕರಿಗೂ ಆಗುತ್ತದೆ, ಏಕೆಂದರೆ ಅದರಿಂದ ಸಮಯ ಉಳಿಯುತ್ತದೆ. ಕೊಡಬೇಡಿ. ಸೂತ್ರಗಳೆಲ್ಲ ತುಂಬಿರುವ ಹಾಳೆಯಲ್ಲಿ ಮಗುವಿಗೆ ಯೋಚಿಸಲು ಏನೂ ಉಳಿದಿರುವುದಿಲ್ಲ.

ಮೊದಲ ಪಾಠ: ಆಟೋ ಮೀಟರ್

ಬೆಂಗಳೂರಿನ ಮಕ್ಕಳಿಗೆ ಆಟೋ ದರಕ್ಕಿಂತ ಹತ್ತಿರವಾದ ಗಣಿತ ಬೇರೆ ಸಿಗಲಾರದು. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಂತೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಅನಂತರದ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಅದಕ್ಕೆ ಮೊದಲು ಇದ್ದದ್ದು 30 ಮತ್ತು 15. ಕಾಯುವ ಶುಲ್ಕ, ಲಗೇಜು ಶುಲ್ಕಗಳನ್ನು ಸದ್ಯಕ್ಕೆ ಬದಿಗಿಡೋಣ.

ಎ1ರಲ್ಲಿ "ದೂರ", ಬಿ1ರಲ್ಲಿ "ದರ" ಎಂಬ ಶೀರ್ಷಿಕೆ ಬರೆಸಿ, ಎ2ರಿಂದ ಎ11ರವರೆಗೆ 1ರಿಂದ 10 ಕಿಲೋಮೀಟರ್ ತುಂಬಿಸಿ. 1, 5 ಮತ್ತು 10 ಕಿಲೋಮೀಟರಿನ ದರವನ್ನು ಪ್ರತಿಯೊಬ್ಬರೂ ಕೈಯಲ್ಲೇ ಲೆಕ್ಕಹಾಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ: 36, 90, 180. ಅನಂತರ, ಲೆಕ್ಕ ಮಾಡುವಾಗ ಮನಸ್ಸಿನಲ್ಲಿ ಏನೇನು ಹೇಳಿಕೊಂಡಿರಿ ಎಂದು ಕೇಳಿ. "ಎರಡು ಕಿಲೋಮೀಟರಿನ ಒಳಗಿದ್ದರೆ ಮೂವತ್ತಾರು, ಇಲ್ಲದಿದ್ದರೆ ಮೂವತ್ತಾರಕ್ಕೆ, ಎರಡನ್ನು ಕಳೆದು ಉಳಿದ ದೂರವನ್ನು ಹದಿನೆಂಟರಿಂದ ಗುಣಿಸಿ ಕೂಡಿಸಬೇಕು" ಎಂಬ ವಾಕ್ಯ ತರಗತಿಯಿಂದಲೇ ಹೊರಬರುವವರೆಗೆ ಕಾಯಿರಿ, ಹತ್ತು ನಿಮಿಷ ಹೋದರೂ ಚಿಂತೆಯಿಲ್ಲ. ಆ ವಾಕ್ಯವನ್ನೇ ಬಿ2ರಲ್ಲಿ ಹೀಗೆ ಬರೆಯಬೇಕು: =ಇಫ್(ಎ2<=2, 36, 36+(ಎ2-2)*18). ಕೆಲವು ಕಂಪ್ಯೂಟರುಗಳಲ್ಲಿ ಅಲ್ಪವಿರಾಮದ ಬದಲು ಅರ್ಧವಿರಾಮ ಹಾಕಬೇಕಾಗುತ್ತದೆ. ಸೆಲ್‌ನ ಕೆಳಗಿನ ಬಲ ಮೂಲೆಯಲ್ಲಿರುವ ಚಿಕ್ಕ ಚೌಕವನ್ನು ಹಿಡಿದು ಬಿ11ರವರೆಗೆ ಎಳೆದರೆ ಹತ್ತೂ ದರಗಳು ಬರುತ್ತವೆ. ನೋಟ್‌ಬುಕ್ಕಿನ ಮೂರು ಉತ್ತರಗಳೊಂದಿಗೆ ಅವನ್ನು ಹೋಲಿಸಿ ನೋಡಬೇಕು.

ಈಗ ಹಳೆಯ ದರದ ಪಟ್ಟಿ ಬೇಕು ಎಂದು ಹೇಳಿ. ಮಕ್ಕಳು ಸೂತ್ರದೊಳಗೆ ಕೈಹಾಕಿ 36, 18 ಇರುವ ಕಡೆಯೆಲ್ಲ ತಿದ್ದಿ, ಮತ್ತೆ ಕೆಳಗೆ ಎಳೆಯುತ್ತಾರೆ. ಅದರ ಕಿರಿಕಿರಿ ಅನುಭವಕ್ಕೆ ಬಂದ ಮೇಲೆ ಮುಂದಿನ ಹೆಜ್ಜೆ ತಾನಾಗಿಯೇ ಅಗತ್ಯವೆನಿಸುತ್ತದೆ. ಇ1ರಲ್ಲಿ ಕನಿಷ್ಠ ದರ 36, ಇ2ರಲ್ಲಿ ಪ್ರತಿ ಕಿಲೋಮೀಟರಿನ ದರ 18, ಇ3ರಲ್ಲಿ ಕನಿಷ್ಠ ದೂರ 2 ಎಂದು ಬರೆದು, ಪಕ್ಕದ ಡಿ ಕಂಬಸಾಲಿನಲ್ಲಿ ಅವುಗಳ ಹೆಸರು ಬರೆಸಿ. ಸೂತ್ರದಲ್ಲಿ ಸಂಖ್ಯೆಗಳಿದ್ದ ಜಾಗದಲ್ಲಿ ಈ ಸೆಲ್‌ಗಳ ಹೆಸರು ಬರಲಿ: =ಇಫ್(ಎ2<=ಇ3, ಇ1, ಇ1+(ಎ2-ಇ3)*ಇ2). ಬಿ2ರಲ್ಲಿ 36 ಸರಿಯಾಗಿಯೇ ಬರುತ್ತದೆ. ಕೆಳಗೆ ಎಳೆದಾಗ ಮಾತ್ರ 2 ಕಿಲೋಮೀಟರಿಗೆ 22 ರೂಪಾಯಿ, 3 ಕಿಲೋಮೀಟರಿಗೆ 2 ರೂಪಾಯಿ, 4 ಕಿಲೋಮೀಟರಿನಿಂದ ಮುಂದೆ ಬರೀ ಸೊನ್ನೆ ಕಾಣುತ್ತದೆ.

ಇಲ್ಲಿ ಶಿಕ್ಷಕರು ಬಾಯಿ ಬಿಗಿಹಿಡಿಯಬೇಕು. ಬಿ3ರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಸೂತ್ರ ಯಾವ ಯಾವ ಸೆಲ್‌ಗಳನ್ನು ನೋಡುತ್ತಿದೆ ಎಂಬುದು ಬಣ್ಣಬಣ್ಣದ ಚೌಕಟ್ಟುಗಳಲ್ಲಿ ಕಾಣುತ್ತದೆ. ಸೂತ್ರ ಒಂದು ಸಾಲು ಕೆಳಗೆ ಇಳಿದಾಗ ಅದು ನೋಡುವ ಸೆಲ್‌ಗಳೂ ಒಂದೊಂದು ಸಾಲು ಕೆಳಗೆ ಇಳಿದಿವೆ, ಆದ್ದರಿಂದ ಕನಿಷ್ಠ ದರದ ಜಾಗದಲ್ಲಿ 18 ಬಂದು ಕೂತಿದೆ ಎಂಬುದನ್ನು ಮಕ್ಕಳೇ ಕಂಡುಹಿಡಿಯಲಿ. ದೂರ ಸಾಲಿನಿಂದ ಸಾಲಿಗೆ ಬದಲಾಗಬೇಕು, ದರ ಬದಲಾಗಬಾರದು. ಚರ ಮತ್ತು ಸ್ಥಿರಗಳ ವ್ಯತ್ಯಾಸ ಬೀಜಗಣಿತದ ಪುಸ್ತಕದಲ್ಲಿ ಎಷ್ಟು ಸಲ ಬಂದರೂ ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಬೀಳುವುದಿಲ್ಲ. ಪರಿಹಾರ ಸರಳ: ಸ್ಥಿರವಾಗಿ ಉಳಿಯಬೇಕಾದ ಸೆಲ್‌ನ ಹೆಸರಿನಲ್ಲಿ ಅಕ್ಷರದ ಮುಂದೆ ಮತ್ತು ಅಂಕಿಯ ಮುಂದೆ ಡಾಲರ್ ಚಿಹ್ನೆ ಹಾಕಿ $ಇ$1 ಎಂದು ಬರೆಯುವುದು. ಕರ್ಸರ್ ಆ ಹೆಸರಿನ ಮೇಲಿದ್ದಾಗ ಎಫ್4 ಕೀ ಒತ್ತಿದರೂ ಆಗುತ್ತದೆ.

ಹಾಳೆ ಸಿದ್ಧವಾದ ಮೇಲೆ ನಿಜವಾದ ಪ್ರಶ್ನೆಗಳು ಆರಂಭವಾಗುತ್ತವೆ. ಹಳೆಯ ದರದ ಮೌಲ್ಯಗಳನ್ನು ಸಿ ಕಂಬಸಾಲಿನಲ್ಲಿ ಇರಿಸಿಕೊಂಡು ಕೇಳಿ: ದರ ಏರಿದಾಗ ಶೇಕಡಾವಾರು ಹೆಚ್ಚಳ ಯಾರಿಗೆ ಜಾಸ್ತಿ, 1 ಕಿಲೋಮೀಟರ್ ಹೋಗುವವರಿಗೋ 10 ಕಿಲೋಮೀಟರ್ ಹೋಗುವವರಿಗೋ? ಒಬ್ಬರಿಗೆ 6 ರೂಪಾಯಿ, ಇನ್ನೊಬ್ಬರಿಗೆ 30 ರೂಪಾಯಿ ಹೆಚ್ಚಾಗಿರುವುದರಿಂದ ದೂರ ಹೋಗುವವರಿಗೇ ಜಾಸ್ತಿ ಎಂಬ ಊಹೆ ಸಹಜ. ಲೆಕ್ಕ ಹಾಕಿದರೆ ಎಲ್ಲ ಸಾಲುಗಳಲ್ಲೂ ಶೇ. 20 ಬರುತ್ತದೆ. ಏಕೆಂದು ವಿವರಿಸುವ ಕೆಲಸ ಮಕ್ಕಳದ್ದು.

ಅದಕ್ಕಿಂತ ಸೊಗಸಾದ ಇನ್ನೊಂದು ವಿಷಯ ನಕ್ಷೆಯಲ್ಲಿದೆ. ದೂರ ಮತ್ತು ದರದ ನಕ್ಷೆ ಎಳೆಯುವಾಗ "ಲೈನ್" ಬದಲು "ಎಕ್ಸ್‌ವೈ ಸ್ಕ್ಯಾಟರ್" ಎಂಬ ಬಗೆಯನ್ನೇ ಆರಿಸಬೇಕು; ಲೈನ್ ನಕ್ಷೆ ದೂರಗಳನ್ನು ಬರೀ ಹೆಸರುಗಳಂತೆ ಸಮಾನ ಅಂತರದಲ್ಲಿ ಜೋಡಿಸುವುದರಿಂದ, ದೂರಗಳು 1, 2, 3, 5, 10 ಎಂದಿದ್ದರೆ ನೇರವಾಗಿರಬೇಕಾದ ರೇಖೆ ಬಾಗಿದಂತೆ ಕಾಣುತ್ತದೆ. ಸ್ಕ್ಯಾಟರ್ ನಕ್ಷೆಯಲ್ಲಿ 2 ಕಿಲೋಮೀಟರಿನವರೆಗೆ ಸಮತಟ್ಟಾದ ಗೆರೆ, ಅಲ್ಲಿಂದ ಏರುವ ಸರಳರೇಖೆ ಕಾಣುತ್ತದೆ. ಏರುವ ಭಾಗವನ್ನು ಸ್ಕೇಲಿನಿಂದ ಹಿಂದಕ್ಕೆ ಎಳೆದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ? ಸರಿಯಾಗಿ ಮೂಲಬಿಂದುವಿಗೆ. ಅಂದರೆ 2 ಕಿಲೋಮೀಟರ್ ದಾಟಿದ ಮೇಲೆ ದರವೆಂದರೆ ದೂರವನ್ನು 18ರಿಂದ ಗುಣಿಸಿದ್ದು, ಅಷ್ಟೇ. ಕನಿಷ್ಠ ದರ 36 ಎಂಬುದು ಎರಡು ಹದಿನೆಂಟರ ಮೊತ್ತ; ಹಳೆಯ 30 ಕೂಡ ಎರಡು ಹದಿನೈದರ ಮೊತ್ತ. ಇ1ರಲ್ಲಿ 40 ಎಂದು ಬದಲಿಸಿದರೆ ರೇಖೆ ಮೂಲಬಿಂದುವನ್ನು ಬಿಟ್ಟು 4ರಲ್ಲಿ ಅಕ್ಷವನ್ನು ಸಂಧಿಸುತ್ತದೆ. ಸರಳರೇಖೆಯ ಸಮೀಕರಣದಲ್ಲಿ ಬರುವ ಸ್ಥಿರಾಂಕದ ಅರ್ಥವನ್ನು ಇಲ್ಲಿ ಬೋಧಿಸಿದರೆ ಅದು ಮರೆಯುವುದಿಲ್ಲ ಎಂಬುದು ನನ್ನ ನಂಬಿಕೆ.

ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು ದರವಿದೆ. ಅದನ್ನು ಸೇರಿಸುವುದು ಮನೆಗೆಲಸವಾಗಿರಲಿ. ಆ್ಯಪ್‌ನಲ್ಲಿ ತೋರಿಸುವ ದರ ಇದಕ್ಕೆ ಹೊಂದುವುದಿಲ್ಲ ಎಂದು ಮಕ್ಕಳು ಖಂಡಿತ ಹೇಳುತ್ತಾರೆ. ತಾವು ಕೊಟ್ಟ ದರಗಳನ್ನು ಬರೆದು ತಂದು ಪಕ್ಕದ ಕಂಬಸಾಲಿನಲ್ಲಿ ತುಂಬಲಿ, ವ್ಯತ್ಯಾಸವನ್ನು ಅವರೇ ಅಳೆಯಲಿ.

ಒಂದು ಎಚ್ಚರಿಕೆ: ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ನಕ್ಷೆಯನ್ನು ಕೈಯಲ್ಲೇ ಎಳೆಯಬೇಕು. ಆದ್ದರಿಂದ ಯಾವ ನಕ್ಷೆಯೂ ಪರದೆಯಲ್ಲಿ ಮೊದಲು ಕಾಣಬಾರದು. ಗ್ರಾಫ್ ಹಾಳೆಯ ಮೇಲೆ ಎಳೆದ ಬಳಿಕವೇ ಪರದೆಯ ನಕ್ಷೆಯೊಂದಿಗೆ ಹೋಲಿಸಬೇಕು.

ಸರಾಸರಿ ಎಲ್ಲಿ ಮೋಸ ಮಾಡುತ್ತದೆ

ಮನೆಯಿಂದ ಶಾಲೆಗೆ ಬರಲು ಎಷ್ಟು ನಿಮಿಷ ಬೇಕು ಎಂಬುದನ್ನು ಹೆಸರಿಲ್ಲದ ಚೀಟಿಗಳಲ್ಲಿ ಬರೆಸಿ ಸಂಗ್ರಹಿಸಿ. ಉದಾಹರಣೆಗೆ ಏಳು ಚೀಟಿಗಳಲ್ಲಿ 10, 12, 15, 15, 18, 20, 85 ಎಂದಿದೆ ಎಂದುಕೊಳ್ಳೋಣ. ಆವರೇಜ್ ಫಂಕ್ಷನ್ 25 ಎನ್ನುತ್ತದೆ, ಮೀಡಿಯನ್ ಫಂಕ್ಷನ್ ಕೊಡುವ ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿ ಸರಿಯಾಗಿ ನಡುವೆ ಬರುವ ಸಂಖ್ಯೆ, 15. ಏಳರಲ್ಲಿ ಆರು ಮಂದಿಗೆ 25 ನಿಮಿಷಕ್ಕಿಂತ ಕಡಿಮೆ ಸಾಕು. ಹಾಗಾದರೆ "ಸರಾಸರಿ 25 ನಿಮಿಷ" ಎಂಬ ಮಾತು ಯಾರನ್ನು ಕುರಿತದ್ದು? ಸಿಲ್ಕ್ ಬೋರ್ಡ್ ಬಳಿ ವಾಹನಗಳು ಸ್ಥಗಿತಗೊಂಡ ದಿನ ಆ ಒಬ್ಬ ವಿದ್ಯಾರ್ಥಿಗೆ 155 ನಿಮಿಷ ಹಿಡಿಯಿತು ಎಂದಾದರೆ ಎರಡೂ ಮೌಲ್ಯಗಳು ಏನಾಗುತ್ತವೆ ಎಂದು ಊಹಿಸಿದ ಮೇಲೆ 85ನ್ನು ತಿದ್ದಿಸಿ. ಸರಾಸರಿ 35ಕ್ಕೆ ಏರುತ್ತದೆ. ಮಧ್ಯಾಂಕ 15ರಲ್ಲೇ ನಿಲ್ಲುತ್ತದೆ. ಕಪ್ಪುಹಲಗೆಯ ಮೇಲೆ ಇದನ್ನು ತೋರಿಸಬಹುದಾದರೂ, ಸಂಖ್ಯೆಯನ್ನು ಮಕ್ಕಳೇ ಮತ್ತೆ ಮತ್ತೆ ಬದಲಿಸಿ ಮಧ್ಯಾಂಕವನ್ನು ಅಲುಗಾಡಿಸಲು ಪ್ರಯತ್ನಿಸುವ ಅವಕಾಶ ಅಲ್ಲಿ ಇರುವುದಿಲ್ಲ.

ದಾಳ ಉರುಳಿಸುವುದು

ಸಂಭವನೀಯತೆಯ ಪಾಠಕ್ಕೆ ನಿಜವಾದ ದಾಳಗಳಿಂದಲೇ ಆರಂಭಿಸಿ. ಪ್ರತಿ ಜೋಡಿಯೂ ಎರಡು ದಾಳಗಳನ್ನು ಇಪ್ಪತ್ತು ಸಲ ಉರುಳಿಸಿ ಮೊತ್ತಗಳನ್ನು ಬರೆದುಕೊಳ್ಳಲಿ. ಕೈಯಲ್ಲಿ ದಾಳ ಹಿಡಿಯದ ಮಗುವಿಗೆ ಪರದೆಯ ಮೇಲಿನ ಯಾದೃಚ್ಛಿಕ ಸಂಖ್ಯೆಗಳು ಯಾವ ಅರ್ಥವನ್ನೂ ಕೊಡುವುದಿಲ್ಲ. ಆಮೇಲೆ ಎ1 ಮತ್ತು ಬಿ1ರಲ್ಲಿ =ರ‍್ಯಾಂಡ್‌ಬಿಟ್ವೀನ್(1, 6), ಸಿ1ರಲ್ಲಿ ಅವೆರಡರ ಮೊತ್ತ. ಮೂರನ್ನೂ 1000ನೆಯ ಸಾಲಿನವರೆಗೆ ಎಳೆದರೆ ಸಾವಿರ ಸಲ ಉರುಳಿಸಿದಂತೆ. ಇ ಕಂಬಸಾಲಿನಲ್ಲಿ 2ರಿಂದ 12ರವರೆಗೆ ಬರೆದು, ಎಫ್ ಕಂಬಸಾಲಿನಲ್ಲಿ ಕೌಂಟ್‌ಇಫ್ ಮೂಲಕ ಪ್ರತಿ ಮೊತ್ತವೂ ಎಷ್ಟು ಸಲ ಬಂದಿದೆ ಎಂದು ಎಣಿಸಬೇಕು.

ಎಣಿಕೆಗೆ ಮೊದಲು ಊಹೆ ಬರೆಸಿದರೆ, ಹನ್ನೊಂದು ಮೊತ್ತಗಳಿಗೂ ಸಮಾನ ಅವಕಾಶವಿದೆ ಎಂಬ ಉತ್ತರ ಬಹಳ ಕಡೆ ಬರುತ್ತದೆ. ಪರದೆಯಲ್ಲಿ 7ರ ಎಣಿಕೆ ಸುಮಾರು 167ರ ಆಸುಪಾಸಿನಲ್ಲೂ 2 ಮತ್ತು 12ರ ಎಣಿಕೆ ಸುಮಾರು 28ರ ಆಸುಪಾಸಿನಲ್ಲೂ ಇರುತ್ತವೆ, ಏಕೆಂದರೆ 36 ಸಾಧ್ಯತೆಗಳಲ್ಲಿ 7 ಬರುವ ದಾರಿಗಳು ಆರು, 2 ಬರುವ ದಾರಿ ಒಂದೇ. ಎಫ್9 ಒತ್ತಿದಾಗಲೆಲ್ಲ ಎಲ್ಲ ಸಂಖ್ಯೆಗಳೂ ಹೊಸದಾಗುತ್ತವೆ, ಆದರೂ ನಕ್ಷೆಯ ಆಕಾರ ಹೆಚ್ಚು ಬದಲಾಗುವುದಿಲ್ಲ. ಅದೇ ಎಣಿಕೆಯನ್ನು ಮೊದಲ 20 ಸಾಲುಗಳಿಗೆ ಮಾತ್ರ ಸೀಮಿತಗೊಳಿಸಿದರೆ ಆಕಾರ ಪ್ರತಿ ಸಲವೂ ಚದುರಿಹೋಗುತ್ತದೆ. ತಾವು ಉರುಳಿಸಿದ ಇಪ್ಪತ್ತರ ಫಲಿತಾಂಶ ಪಕ್ಕದ ಜೋಡಿಯದಕ್ಕಿಂತ ಏಕೆ ಭಿನ್ನವಾಗಿತ್ತು ಎಂಬುದು ಆಗ ತಿಳಿಯುತ್ತದೆ. ಬೇರೆ ಯಾವುದೋ ಸೆಲ್ ತಿದ್ದಿದರೂ ಈ ಸಂಖ್ಯೆಗಳು ಬದಲಾಗುತ್ತವೆ ಎಂದು ಮೊದಲೇ ಹೇಳಿಡಿ. ಅವನ್ನು ಹಾಗೆಯೇ ಉಳಿಸಿಕೊಳ್ಳಬೇಕಾದರೆ ಕಾಪಿ ಮಾಡಿ "ಪೇಸ್ಟ್ ಸ್ಪೆಷಲ್" ಮೂಲಕ ಮೌಲ್ಯಗಳನ್ನಷ್ಟೇ ಅಂಟಿಸಬೇಕು.

ಸಮಾಜ ವಿಜ್ಞಾನದ ಅವಧಿಗೆ

ಜನಗಣತಿಯ ನಾಲ್ಕು ಸಂಖ್ಯೆಗಳು ಒಂದು ಅವಧಿಗೆ ಧಾರಾಳವಾಗಿ ಸಾಕು. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65,37,124, 2011ರಲ್ಲಿ 96,21,551. ಕರ್ನಾಟಕದ್ದು ಕ್ರಮವಾಗಿ 5,28,50,562 ಮತ್ತು 6,10,95,297. ಹತ್ತು ವರ್ಷಗಳಲ್ಲಿ ಜಿಲ್ಲೆ ಶೇ. 47ರಷ್ಟು ಬೆಳೆದರೆ ರಾಜ್ಯ ಶೇ. 15.6ರಷ್ಟು ಬೆಳೆಯಿತು ಎಂಬುದು ಮೊದಲ ಲೆಕ್ಕ. ಎರಡನೆಯದು ಹೆಚ್ಚು ಯೋಚನೆ ಬೇಡುತ್ತದೆ: ರಾಜ್ಯಕ್ಕೆ ಹೊಸದಾಗಿ ಸೇರಿದ ಜನರಲ್ಲಿ ಎಷ್ಟು ಪಾಲು ಈ ಒಂದೇ ಜಿಲ್ಲೆಯದು? ಉತ್ತರ ಶೇ. 37ಕ್ಕಿಂತ ಸ್ವಲ್ಪ ಹೆಚ್ಚು. ಯಾವುದನ್ನು ಯಾವುದರಿಂದ ಭಾಗಿಸಬೇಕು ಎಂಬಲ್ಲಿ ಮಕ್ಕಳು ಗೊಂದಲಕ್ಕೊಳಗಾಗುತ್ತಾರೆ, ಅಲ್ಲೇ ನಿಂತು ಚರ್ಚಿಸಬೇಕು. ಸ್ತಂಭ ನಕ್ಷೆ ಎಳೆದಾಗ ಲಂಬ ಅಕ್ಷವನ್ನು ಸೊನ್ನೆಯ ಬದಲು 60 ಲಕ್ಷದಿಂದ ಆರಂಭಿಸಿ ಜಿಲ್ಲೆಯ ಎರಡು ಸ್ತಂಭಗಳನ್ನು ತೋರಿಸಿ; ಒಂದೂವರೆ ಪಟ್ಟಿಗಿಂತ ಕಡಿಮೆಯಿರುವ ಹೆಚ್ಚಳ ಆರೇಳು ಪಟ್ಟಿನಂತೆ ಕಾಣುತ್ತದೆ. ಪತ್ರಿಕೆಯ ನಕ್ಷೆಯನ್ನು ನೋಡುವಾಗ ಮೊದಲು ಅಕ್ಷವನ್ನು ಗಮನಿಸುವ ಅಭ್ಯಾಸ ಇಲ್ಲಿಂದ ಬೆಳೆಯಬೇಕು. ಅಲ್ಪವಿರಾಮಗಳು ಲಕ್ಷ, ಕೋಟಿಗಳ ಕ್ರಮದಲ್ಲಿ ಬೀಳದಿದ್ದರೆ ಕ್ಯಾಲ್ಕ್‌ನ ಫಾರ್ಮ್ಯಾಟ್ ಕೋಡ್ ಜಾಗದಲ್ಲಿ #,##,##0 ಎಂದು ಬರೆಯಬಹುದು.

ಗಣಿತ ಶಿಕ್ಷಕರು ಮರೆಯದೆ ಹೇಳಬೇಕಾದ ಒಂದು ವಿಷಯವೂ ಇದೆ. =-3^2 ಎಂದು (^ ಎಂಬುದು ಘಾತದ ಚಿಹ್ನೆ) ಬರೆದರೆ ಎಕ್ಸೆಲ್, ಕ್ಯಾಲ್ಕ್, ಗೂಗಲ್ ಶೀಟ್ಸ್ ಮೂರೂ 9 ಎಂಬ ಉತ್ತರ ಕೊಡುತ್ತವೆ; ನಮ್ಮ ಪಠ್ಯಪುಸ್ತಕದ ಕ್ರಮದಲ್ಲಿ ಉತ್ತರ -9. ಸ್ಪ್ರೆಡ್‌ಶೀಟ್ ಋಣ ಚಿಹ್ನೆಯನ್ನು ಮೊದಲು ಸಂಖ್ಯೆಗೆ ಅಂಟಿಸಿ ಆಮೇಲೆ ವರ್ಗ ಮಾಡುವುದೇ ಇದಕ್ಕೆ ಕಾರಣ. ವರ್ಗ ಸಮೀಕರಣದ ಪಾಠದಲ್ಲಿ ಆವರಣ ಬಳಸಿ =-(3^2) ಎಂದೇ ಬರೆಸಿ.

ಕಲಿಕೆಯನ್ನು ಪರಿಶೀಲಿಸುವುದು

ಮಕ್ಕಳ ಹಾಳೆಯನ್ನು ತಿದ್ದುವಾಗ ಉತ್ತರಗಳನ್ನು ನೋಡಿ ಅಂಕ ಕೊಡಬಾರದು. ಕಂಟ್ರೋಲ್ ಕೀ ಹಿಡಿದು, ಕೀಬೋರ್ಡ್‌ನಲ್ಲಿ 1ರ ಎಡಕ್ಕಿರುವ ಕೀ ಒತ್ತಿದರೆ ಮೌಲ್ಯಗಳು ಮರೆಯಾಗಿ ಸೂತ್ರಗಳು ಕಾಣುತ್ತವೆ. ಉತ್ತರವನ್ನು ನೇರವಾಗಿ ಟೈಪ್ ಮಾಡಿದ್ದಾರೋ ನಿಯಮವನ್ನು ಬರೆದಿದ್ದಾರೋ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಪರೀಕ್ಷೆಗೆ ಉದ್ದೇಶಪೂರ್ವಕವಾಗಿ ತಪ್ಪುಗಳನ್ನು ಇಟ್ಟ ಹಾಳೆ ಬಲು ಉಪಯುಕ್ತ: ಕೊನೆಯ ಸಾಲನ್ನು ಬಿಟ್ಟ ಮೊತ್ತ, ಡಾಲರ್ ಚಿಹ್ನೆ ಇಲ್ಲದ ಸೂತ್ರ, "ರೂ." ಸೇರಿ ಪಠ್ಯವಾಗಿರುವ ಸಂಖ್ಯೆ. ತಪ್ಪನ್ನು ಹುಡುಕುವುದರ ಜೊತೆಗೆ ಅದು ಉಂಟಾದ ಕಾರಣವನ್ನೂ ಒಂದು ವಾಕ್ಯದಲ್ಲಿ ಬರೆಯಲಿ.

ಶಾಲೆಯ ಅಂಕಪಟ್ಟಿಯನ್ನು ಮಾತ್ರ ಉದಾಹರಣೆಯಾಗಿ ಎಂದೂ ಬಳಸಬೇಡಿ. ಹೆಸರುಗಳನ್ನು ಅಳಿಸಿದರೂ ಕನಿಷ್ಠ ಅಂಕ ಯಾರದೆಂದು ತರಗತಿಗೆ ಗೊತ್ತಾಗುತ್ತದೆ, ಆ ಮಗು ಮುಂದಿನ ಪಾಠವನ್ನು ಕೇಳುವ ಸ್ಥಿತಿಯಲ್ಲಿರುವುದಿಲ್ಲ.

ರಜೆಯ ಕೆಲಸಕ್ಕೆ ಮನೆಯ ಬೆಸ್ಕಾಂ ಬಿಲ್ಲುಗಳು ಒಳ್ಳೆಯ ಸಾಮಗ್ರಿ. ಗೃಹಜ್ಯೋತಿ ಯೋಜನೆಯಿಂದಾಗಿ ಹಲವರ ಮನೆಯಲ್ಲಿ ಪಾವತಿಸುವ ಮೊತ್ತ ಸೊನ್ನೆಯಾಗಿದ್ದರೂ ಬಳಸಿದ ಯೂನಿಟ್‌ಗಳ ಸಂಖ್ಯೆ ಬಿಲ್ಲಿನಲ್ಲಿ ಇರುತ್ತದೆ, ನಮಗೆ ಬೇಕಾದದ್ದೂ ಅದೇ. ಆರು ತಿಂಗಳ ಯೂನಿಟ್‌ಗಳನ್ನು ತುಂಬಿ, ಫ್ಯಾನು, ಗೀಸರ್, ಟಿ.ವಿ.ಗಳ ವ್ಯಾಟ್ ಮತ್ತು ದಿನಕ್ಕೆ ಅವು ನಡೆಯುವ ಗಂಟೆಗಳಿಂದ ತಿಂಗಳ ಬಳಕೆಯನ್ನು ಲೆಕ್ಕಹಾಕುವ ಸೂತ್ರವನ್ನು ಬರೆದು, ಬಿಲ್ಲಿನ ಯೂನಿಟ್‌ಗೂ ತಮ್ಮ ಲೆಕ್ಕಕ್ಕೂ ಇರುವ ಅಂತರ ಎಲ್ಲಿಂದ ಬಂತೆಂದು ಮಕ್ಕಳು ಹುಡುಕಬೇಕು. ಹಾಳೆಯಲ್ಲಿ ಮನೆಯವರ ಹೆಸರು, ಆರ್.ಆರ್. ಸಂಖ್ಯೆ (ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ), ವಿಳಾಸ ಬರೆಯುವಂತಿಲ್ಲ. ಬಿಲ್ಲು ಸಿಗದ ಮಕ್ಕಳು ಶಾಲೆಯ ಮೀಟರನ್ನು ವಾರಕ್ಕೊಮ್ಮೆ ಓದಿ ಅದೇ ಲೆಕ್ಕವನ್ನು ಮಾಡಬಹುದು.